ರೂಗಾ ಎಂದರೇನು? ದೇಹದೊಳಗಿನ ನೆರಿಗೆಗಳ ಹೆಸರು, ಅರ್ಥ, ಹುಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಡೋಸ್ಕೊಪಿ ವರದಿಯಲ್ಲೋ ದಂತವೈದ್ಯರ ಬಾಯಲ್ಲೋ ಜೀವಶಾಸ್ತ್ರದ ಪಾಠದಲ್ಲೋ ‘ರೂಗಾ’ ಎಂಬ ಪದ ಎದುರಾಗಿ, ಅದರ ಅರ್ಥ ಹುಡುಕುತ್ತಾ ಬಂದವರಿಗಾಗಿ ಈ ಪುಟ. ಚಿಕ್ಕ ಪದ, ಎರಡೇ ಅಕ್ಷರ. ಬಿಡಿಸುತ್ತಾ ಹೋದರೆ ಜಠರ, ಬಾಯಿ, ಭ್ರೂಣದ ಬೆಳವಣಿಗೆ, ಹಳೆಯ ಹವಳ, ತಗಡಿನ ಚಾವಣಿ ಎಲ್ಲವೂ ಅದರ ಜೊತೆಗೆ ಬರುತ್ತವೆ.

ರೂಗಾ ಎಂದರೆ ಏನು?

ದೇಹದ ಯಾವುದಾದರೂ ಅಂಗದ ಒಳಮೈಯಲ್ಲಿ, ಕೆಲವೆಡೆ ಹೊರಚರ್ಮದಲ್ಲಿ, ಸಾಲಾಗಿ ಎದ್ದು ನಿಂತ ನೆರಿಗೆಗೆ ಅಥವಾ ಏಣು ಎನ್ನುವಂಥ ಉಬ್ಬುಗೆರೆಗೆ ಅಂಗರಚನಾಶಾಸ್ತ್ರದಲ್ಲಿ ರೂಗಾ ಎನ್ನುತ್ತಾರೆ. ಜಠರದ ಒಳಗೋಡೆಯ ಮಡಿಕೆಗಳು, ಬಾಯಿಯ ಮೇಲ್ಛಾವಣಿಯಂತಿರುವ ಅಂಗುಳಿನ ಮುಂಭಾಗದ ಏಣುಗಳು, ಬರಿದಾದ ಮೂತ್ರಕೋಶದ ಒಳಗಿನ ಸುಕ್ಕುಗಳು ಇವೆಲ್ಲ ರೂಗಾಗಳೇ. ಇದು ಕಾಯಿಲೆಯ ಹೆಸರಲ್ಲ. ಆರೋಗ್ಯವಂತರ ದೇಹದಲ್ಲಿ ಇರಲೇಬೇಕಾದ ರಚನೆ.

ಹೇಗೆ ಉಚ್ಚರಿಸಬೇಕು? ಬಹುವಚನ ಏನು?

ಲ್ಯಾಟಿನ್‌ನಲ್ಲಿ ಏಕವಚನ ‘ರೂಗಾ’, ಮೊದಲ ಸ್ವರ ದೀರ್ಘ. ಬಹುವಚನವನ್ನು ಹಳೆಯ ಲ್ಯಾಟಿನ್ ಕ್ರಮದಲ್ಲಿ ‘ರೂಗೈ’ ಎಂದು ಓದಬೇಕು. ಇಂಗ್ಲಿಷ್ ಮೂಲಕ ವೈದ್ಯಕೀಯ ಕಲಿತವರು ‘ರೂಗೀ’ ಅಥವಾ ‘ರೂಜೀ’ ಎನ್ನುತ್ತಾರೆ. ಮೂರೂ ಚಲಾವಣೆಯಲ್ಲಿವೆ. ಕನ್ನಡದಲ್ಲಿ ಬರೆಯುವಾಗ ನಮ್ಮ ಪ್ರತ್ಯಯವನ್ನೇ ಹಚ್ಚಿ ‘ರೂಗಾಗಳು’ ಎಂದರೆ ಯಾರಿಗೂ ಗೊಂದಲವಾಗುವುದಿಲ್ಲ.

ಈ ಪದ ಎಲ್ಲಿಂದ ಬಂತು?

ಲ್ಯಾಟಿನ್ ಭಾಷೆಯ ಆಡುಮಾತಿನಿಂದ. ರೋಮನ್ನರಿಗೆ ‘ರೂಗಾ’ ಎಂದರೆ ಮುಖದ ಸುಕ್ಕು. ವಯಸ್ಸಾದವರ ಹಣೆಯ ಗೆರೆ, ಕಣ್ಣಂಚಿನ ಸುಕ್ಕು, ಮೈಮೇಲಿನ ಬಟ್ಟೆಯ ಮಡಿಕೆ ಎಲ್ಲಕ್ಕೂ ಅದೇ ಪದ. ವೈದ್ಯರು ಅದನ್ನು ಹೊಸದಾಗಿ ಕಟ್ಟಲಿಲ್ಲ. ಶವವನ್ನು ಕೊಯ್ದು ನೋಡಿದವರು ಒಳಗೆ ಕಂಡದ್ದಕ್ಕೆ ಮನೆಯಲ್ಲಿ ಆಡುತ್ತಿದ್ದ ಮಾತನ್ನೇ ಇಟ್ಟರು. ಅಂಗರಚನೆಯ ಬಹುಪಾಲು ಪದಗಳು ಹುಟ್ಟಿದ್ದು ಹೀಗೆಯೇ. ಸಣ್ಣ ಕರುಳಿನ ‘ವಿಲ್ಲಸ್’ ಎಂದರೆ ಜೊಂಪು ಕೂದಲು, ಮೆದುಳಿನ ‘ಸಲ್ಕಸ್’ ಎಂದರೆ ನೇಗಿಲು ಎಳೆದ ಸಾಲು, ಮೂಳೆಯ ‘ಕ್ರಿಸ್ಟಾ’ ಎಂದರೆ ಕೋಳಿಯ ಜುಟ್ಟು. ಆ ಭಾಷೆ ಬಲ್ಲವರಿಗೆ ಇವು ಕಣ್ಣಿಗೆ ಕಟ್ಟುವ ಚಿತ್ರಗಳು. ನಾವು ಇವನ್ನು ಬಾಯಿಪಾಠ ಮಾಡುತ್ತೇವೆ. ಪದದ ಹುಟ್ಟನ್ನು ತಿಳಿಯಲು ಐದು ನಿಮಿಷ ಕೊಟ್ಟರೆ ಆ ಬಾಯಿಪಾಠದ ಹೊರೆ ಅರ್ಧ ಇಳಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಸುಕ್ಕು ಎಂದರೆ ತಗ್ಗು, ಏಣು ಎಂದರೆ ಉಬ್ಬು. ಒಂದೇ ಪದ ಎರಡನ್ನೂ ಹೇಗೆ ಹೇಳುತ್ತದೆ?

ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಶ್ನೆ ಇದು.

ಹಣೆಯ ಸುಕ್ಕನ್ನು ಕನ್ನಡಿಯಲ್ಲಿ ನೋಡಿದರೆ ನಿಮಗೆ ಕಾಣುವುದು ಒಳಗಿಳಿದ ಗೆರೆ. ರೋಮನ್ನರ ರೂಗಾ ಆ ಗೆರೆಯೇ. ಲ್ಯಾಟಿನ್‌ನಿಂದ ಹುಟ್ಟಿದ ಫ್ರೆಂಚ್ ಭಾಷೆಯಲ್ಲಿ ಇದೇ ಪದ ಸವೆದು ‘ರ‍್ಯೂ’ ಆಗಿ, ಬೀದಿ ಎಂಬ ಅರ್ಥ ಪಡೆಯಿತು. ಪೋರ್ಚುಗೀಸರ ‘ರುವಾ’ ಕೂಡ ಬೀದಿಯೇ. ಎರಡು ಸಾಲು ಮನೆಗಳ ನಡುವೆ ಹಾದುಹೋಗುವ ದಾರಿಯನ್ನು ಊರಿನ ಮುಖದ ಮೇಲಿನ ಸುಕ್ಕಿನಂತೆ ಕಂಡ ಜನರ ಕಲ್ಪನೆ ಅದು. ಅಲ್ಲಿಯೂ ಪದ ಹಿಡಿದದ್ದು ತಗ್ಗನ್ನೇ, ಇಕ್ಕೆಲದ ಎತ್ತರವನ್ನಲ್ಲ.

ಅಂಗರಚನಾಶಾಸ್ತ್ರಕ್ಕೆ ಬಂದ ಮೇಲೆ ಪದ ಮಗುಚಿಕೊಂಡಿತು. ಜಠರವನ್ನು ಸೀಳಿ ಹರಡಿದರೆ ಮೊದಲು ಕಣ್ಣಿಗೆ ಬೀಳುವುದು, ಬೆರಳಿಗೆ ತಾಗುವುದು, ಎದ್ದು ನಿಂತ ದಪ್ಪ ಮಡಿಕೆ. ಅದರ ಪಕ್ಕದ ತಗ್ಗು ಗಮನಕ್ಕೆ ಬರುವುದು ಆಮೇಲೆ. ಹೀಗಾಗಿ ವೈದ್ಯರ ಮಾತಿನಲ್ಲಿ ರೂಗಾ ಎಂದರೆ ಉಬ್ಬಿದ ಭಾಗ. ಮೆದುಳಿನಲ್ಲಾದರೆ ಉಬ್ಬಿಗೆ ಗೈರಸ್, ತಗ್ಗಿಗೆ ಸಲ್ಕಸ್ ಎಂದು ಬೇರೆ ಬೇರೆ ಹೆಸರುಗಳಿವೆ. ರೂಗಾಕ್ಕೆ ಆ ಜೋಡಿ ಇಲ್ಲ. ಒಂದೇ ಪದ ಉಬ್ಬಿನ ಹೆಸರಾಗಿ ನಿಂತಿದೆ, ತಗ್ಗು ಹೆಸರಿಲ್ಲದೆ ಉಳಿದಿದೆ.

ಹಳೆಯ ಕನ್ನಡದಲ್ಲಿ ಮುಪ್ಪಿನ ಲಕ್ಷಣಗಳನ್ನು ‘ನೆರೆ ತೆರೆ’ ಎಂದು ಜೊತೆಯಾಗಿ ಹೇಳುತ್ತಿದ್ದರು. ನೆರೆ ಎಂದರೆ ನರೆತ ಕೂದಲು, ತೆರೆ ಎಂದರೆ ಚರ್ಮದ ಸುಕ್ಕು. ತೆರೆ ಎಂದರೆ ಅಲೆಯೂ ಹೌದು. ಅಲೆಗೆ ಏರೂ ಇದೆ, ಇಳಿತವೂ ಇದೆ, ಒಂದಿಲ್ಲದೆ ಇನ್ನೊಂದಿಲ್ಲ. ರೋಮನ್ನರ ಪದ ತಗ್ಗನ್ನು ಹಿಡಿಯಿತು, ಅಂಗರಚನಾಕಾರರು ಅದನ್ನು ಉಬ್ಬಿಗೆ ಕೊಟ್ಟರು. ನಮ್ಮ ಹಳೆಯ ಮಾತು ಎರಡನ್ನೂ ಒಟ್ಟಿಗೆ ಕಂಡಿತ್ತು.

ರೂಗಾಕ್ಕೂ ‘ರೋಗ’, ‘ರುಗ್ಣ’ ಪದಗಳಿಗೂ ನಂಟಿದೆಯೇ?

ಇಲ್ಲ. ಸಂಸ್ಕೃತದ ರೋಗ, ರುಗ್ಣ, ರುಜೆ ಇವು ‘ಒಡೆ, ಮುರಿ’ ಎಂಬ ಅರ್ಥದ ‘ರುಜ್’ ಧಾತುವಿನಿಂದ ಬಂದವು. ಕೇಳಲು ಒಂದೇ ತರಹ ಇರುವುದು ಆಕಸ್ಮಿಕ. ರೂಗಾ ಎಂದೊಡನೆ ಏನೋ ರೋಗವಿರಬೇಕು ಎಂದು ಗಾಬರಿಯಾಗುವವರಿದ್ದಾರೆ. ಅವರಿಗೆ ಈ ಒಂದು ಮಾತು ತಿಳಿದರೂ ಸಾಕು.

ಹೊಟ್ಟೆಯ ಗುಡುಗುಡು ಸದ್ದಿಗೆ ಹಳೆಯ ವೈದ್ಯಕೀಯದಲ್ಲಿ ‘ರೂಗೀಟಸ್’ ಎಂಬ ಹೆಸರಿತ್ತು. ಅದೂ ಹೊಟ್ಟೆಗೆ ಸೇರಿದ್ದಾದ್ದರಿಂದ ರೂಗಾದ ದಾಯಾದಿ ಎನಿಸುತ್ತದೆ. ಅದು ಬಂದದ್ದು ಸಿಂಹ ಗರ್ಜಿಸುವುದನ್ನು ಹೇಳುವ ಬೇರೊಂದು ಲ್ಯಾಟಿನ್ ಕ್ರಿಯಾಪದದಿಂದ. ನೆಲಕ್ಕೆ ಹಾಸುವ ‘ರಗ್’ ಸ್ಕ್ಯಾಂಡಿನೇವಿಯಾದ ಪದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಇದರ ನಿಜವಾದ ಬಂಧುಗಳು ಯಾವುವು?

ಮೊದಲನೆಯದು ‘ಕಾರುಗೇಟೆಡ್’. ತಗಡಿನ ಚಾವಣಿಗೆ, ರಟ್ಟಿನ ಪೆಟ್ಟಿಗೆಯ ನಡುವಿನ ಅಲೆಯಲೆ ಹಾಳೆಗೆ ಬಳಸುವ ಈ ಪದದ ನಡುವೆ ರೂಗಾ ಕುಳಿತಿದೆ. ಒಟ್ಟಾಗಿ ಸುಕ್ಕುಗಟ್ಟಿಸಿದ್ದು ಎಂದು ಅದರ ಅರ್ಥ. ಅಲೆ ತಗಡಿಗೆ 1829ರಲ್ಲಿ ಲಂಡನ್ನಿನಲ್ಲಿ ಹಕ್ಕುಪತ್ರ ಪಡೆದವನು ಹೆನ್ರಿ ರಾಬಿನ್ಸನ್ ಪಾಮರ್ ಎಂಬ ಎಂಜಿನಿಯರ್. ಚಪ್ಪಟೆ ತಗಡು ತನ್ನ ಭಾರಕ್ಕೇ ಬಾಗುತ್ತದೆ. ಅದನ್ನೇ ಅಲೆಯಾಗಿ ಮಡಿಸಿದರೆ ಅಲೆಗೆ ಅಡ್ಡಲಾಗಿ ಬಾಗಲು ಒಪ್ಪುವುದಿಲ್ಲ. ಮಡಿಕೆ ಅಲ್ಲಿ ಬಿಗಿ ಕೊಡುತ್ತದೆ, ಜಠರದಲ್ಲಿ ಸಡಿಲ ಕೊಡುತ್ತದೆ.

ಎರಡನೆಯ ಬಂಧು ನಿಮ್ಮ ಹುಬ್ಬಿನ ಕೆಳಗಿದೆ. ನಾವು ‘ಹುಬ್ಬು ಗಂಟಿಕ್ಕಿದ’ ಎನ್ನುತ್ತೇವಲ್ಲ, ಆ ಗಂಟನ್ನು ಹಾಕುವ ಸಣ್ಣ ಸ್ನಾಯುವಿನ ಹೆಸರು ಕಾರುಗೇಟರ್ ಸುಪರ್‌ಸಿಲಿಯೈ, ಅಂದರೆ ಹುಬ್ಬನ್ನು ಸುಕ್ಕುಗಟ್ಟಿಸುವುದು. ಎರಡು ಹುಬ್ಬುಗಳನ್ನು ಒಳಕ್ಕೂ ಕೆಳಕ್ಕೂ ಎಳೆದು ನಡುವೆ ನೇರ ಗೆರೆ ಮೂಡಿಸುವುದು ಅದರ ಕೆಲಸ. ಬೊಟ್ಯುಲಿನಮ್ ಚುಚ್ಚುಮದ್ದು ಹಾಕಿ ಹುಬ್ಬಿನ ನಡುವಿನ ಗೆರೆ ಅಳಿಸುವವರು ಸಡಿಲಿಸುವುದು ಮುಖ್ಯವಾಗಿ ಇದನ್ನೇ.

ಸಸ್ಯಗಳ ಲೋಕದಲ್ಲಿ ‘ರೋಸಾ ರುಗೋಸಾ’ ಇದೆ. ಸುಕ್ಕು ಸುಕ್ಕಾದ ಎಲೆಯ ಗುಲಾಬಿ. ಬಟಾಣಿಯದು ಇನ್ನೂ ದೊಡ್ಡ ಕಥೆ. 1866ರಲ್ಲಿ ಪ್ರಕಟವಾದ ಮೆಂಡೆಲ್‌ನ ಪ್ರಯೋಗಗಳಲ್ಲಿ ಗುಂಡು ಬಟಾಣಿ, ಸುಕ್ಕು ಬಟಾಣಿ ಎಂಬ ಎರಡು ಬಗೆ ಬರುವುದನ್ನು ಶಾಲೆಯಲ್ಲಿ ಓದಿದ್ದೇವೆ. ಆ ಸುಕ್ಕಿಗೆ ಕಾರಣವಾದ ವಂಶವಾಹಿಯ ತಾಣಕ್ಕೆ ‘ರುಗೋಸಸ್’ ಎಂದೇ ಹೆಸರು. ಅಲ್ಲಿ ಪಿಷ್ಟ ಕಟ್ಟುವ ಒಂದು ಕಿಣ್ವದ ವಂಶವಾಹಿಯೊಳಗೆ ಹೊರಗಿನ ಡಿಎನ್‌ಎ ತುಣುಕು ಸೇರಿಕೊಂಡಿದೆ ಎಂಬುದು 1990ರಲ್ಲಿ ಪತ್ತೆಯಾಯಿತು. ಕಿಣ್ವ ಕೆಲಸ ಮಾಡದಿದ್ದಾಗ ಪಿಷ್ಟ ಕಡಿಮೆ, ಸಕ್ಕರೆ ಹೆಚ್ಚು. ಸಕ್ಕರೆ ನೀರನ್ನು ಎಳೆಯುತ್ತದೆ, ಬೀಜ ಉಬ್ಬುತ್ತದೆ. ಒಣಗುವಾಗ ಒಳಗಿನ ತಿರುಳು ಕುಗ್ಗಿ, ಹೊರಗಿನ ಸಿಪ್ಪೆ ದೊಡ್ಡದಾಗಿಯೇ ಉಳಿದು ಮುದುರುತ್ತದೆ. ಈ ಕೊನೆಯ ವಾಕ್ಯವನ್ನು ನೆನಪಿನಲ್ಲಿಡಿ, ಜಠರಕ್ಕೆ ಹೋದಾಗ ಬೇಕಾಗುತ್ತದೆ.

ಇನ್ನು ಹವಳ. ‘ರುಗೋಸಾ’ ಎಂಬ ಹವಳಗಳ ಒಂದು ಗಣವೇ ಇತ್ತು. ಸುಮಾರು 25 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕೊನೆಯಲ್ಲಿ ಅದು ಸಂಪೂರ್ಣ ನಾಶವಾಯಿತು. ಕೊಂಬಿನಾಕಾರದ ಅವುಗಳ ಹೊರಮೈಯಲ್ಲಿ ಸುಕ್ಕಿನಂಥ ಗೆರೆಗಳಿವೆ. ಜಾನ್ ವೆಲ್ಸ್ ಎಂಬ ಅಮೆರಿಕದ ವಿಜ್ಞಾನಿ ಸುಮಾರು 38 ಕೋಟಿ ವರ್ಷ ಹಳೆಯ ಹವಳಗಳ ಮೇಲಿನ ಸೂಕ್ಷ್ಮ ಬೆಳವಣಿಗೆಯ ಗೆರೆಗಳನ್ನು ಎಣಿಸಿ, ಆ ಕಾಲದ ಒಂದು ವರ್ಷದಲ್ಲಿ ಸುಮಾರು 400 ದಿನಗಳಿದ್ದವು ಎಂದು 1963ರಲ್ಲಿ ತೋರಿಸಿದ. ಭೂಮಿ ಆಗ ಈಗಿಗಿಂತ ವೇಗವಾಗಿ ತಿರುಗುತ್ತಿತ್ತು, ದಿನಗಳು ಚಿಕ್ಕದಾಗಿದ್ದವು. ದೇಹದ ವಿಷಯದಿಂದ ಸ್ವಲ್ಪ ದೂರ ಬಂದೆ, ನಿಜ. ಆದರೆ ಸುಕ್ಕನ್ನು ಎಣಿಸಿ ಭೂಮಿಯ ತಿರುಗುವ ವೇಗ ಕಂಡುಹಿಡಿದದ್ದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಜಠರದಲ್ಲಿ ರೂಗಾಗಳು ಏಕಿವೆ?

ಹಿಗ್ಗುವುದಕ್ಕೆ. ವಯಸ್ಕರ ಬರಿದಾದ ಜಠರದ ಒಳಗಿನ ಜಾಗ 50ರಿಂದ 75 ಮಿಲಿಲೀಟರ್ ಮಾತ್ರ, ಸಣ್ಣ ಬಟ್ಟಲಿನಷ್ಟು. ಉಣ್ಣುವಾಗ ಅದೇ ಜಠರ ಒಂದರಿಂದ ಒಂದೂವರೆ ಲೀಟರ್ ವರೆಗೆ ಆರಾಮವಾಗಿ ಹಿಡಿಸಿಕೊಳ್ಳುತ್ತದೆ.

ಗೋಡೆಯ ಒಳಪದರವಾದ ಲೋಳೆಪೊರೆಗೂ ಅದರ ಕೆಳಗಿನ ಸಡಿಲ ಪದರಕ್ಕೂ ಸ್ನಾಯುವಿನಂತೆ ಕುಗ್ಗುವ ಶಕ್ತಿ ಇಲ್ಲ. ಹೊರಗಿನ ಸ್ನಾಯುಪದರ ಕುಗ್ಗಿದಾಗ ಒಳಪದರ ಎಲ್ಲಿಗೆ ಹೋಗಬೇಕು? ಒಣಗಿದ ಬಟಾಣಿಯ ಸಿಪ್ಪೆಯಂತೆ, ಇರುವ ಜಾಗಕ್ಕಿಂತ ತಾನೇ ದೊಡ್ಡದಾಗಿ, ಮಡಿಕೆಯಾಗಿ ಎದ್ದು ನಿಲ್ಲುತ್ತದೆ. ಹೊಟ್ಟೆ ತುಂಬುತ್ತಾ ಹೋದಂತೆ ಮಡಿಕೆಗಳು ಬಿಚ್ಚಿಕೊಂಡು ಗೋಡೆ ಸಪಾಟಾಗುತ್ತದೆ. ಪೊರೆ ಹರಿಯಬೇಕಿಲ್ಲ, ರಬ್ಬರಿನಂತೆ ಎಳೆಯಬೇಕಿಲ್ಲ, ಮಡಿಸಿಟ್ಟದ್ದು ಬಿಚ್ಚಿಕೊಂಡರೆ ಸಾಕು.

ಮಡಿಕೆಗಳು ಹೆಚ್ಚಾಗಿ ಜಠರದ ಉದ್ದಕ್ಕೆ ಓಡುತ್ತವೆ. ಹೊರಬಾಗಿನ ಬದಿಯಲ್ಲಿ ದಪ್ಪವಾಗಿ, ಸುರುಳಿ ಸುರುಳಿಯಾಗಿರುತ್ತವೆ. ಒಳಬಾಗಿನ ಬದಿಯಲ್ಲಿ ನೇರವಾಗಿದ್ದು, ನಡುವೆ ಕಾಲುವೆಯಂಥ ದಾರಿ ಬಿಡುತ್ತವೆ. ಜರ್ಮನ್ ವೈದ್ಯರು ಆ ದಾರಿಗೆ ‘ಮಾಗೆನ್‌ಸ್ಟ್ರಾಸೆ’, ಅಂದರೆ ಜಠರದ ಬೀದಿ ಎಂದು ಹೆಸರಿಟ್ಟರು. ಅತ್ತ ಫ್ರೆಂಚರು ಸುಕ್ಕಿನಿಂದ ಬೀದಿ ಮಾಡಿದ್ದರೆ, ಇತ್ತ ಜರ್ಮನ್ನರು ಸುಕ್ಕುಗಳ ನಡುವೆಯೇ ಬೀದಿ ಕಂಡರು.

ಬದುಕಿರುವ ಮನುಷ್ಯನ ಜಠರದ ಒಳಮೈಯನ್ನು ದೀರ್ಘಕಾಲ ಕಣ್ಣಾರೆ ನೋಡಿದವರಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಪ್ರಸಿದ್ಧ. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡೇಟು ಬಿದ್ದು, ಗಾಯ ವಾಸಿಯಾದರೂ ಹೊಟ್ಟೆಯ ಮೇಲೆ ಜಠರದೊಳಕ್ಕೆ ತೆರೆದ ರಂಧ್ರ ಹಾಗೆಯೇ ಉಳಿಯಿತು. ಬೋಮಾಂಟ್ ವರ್ಷಗಟ್ಟಲೆ ಆ ಕಿಂಡಿಯಿಂದ ನೋಡಿ, ಆರೋಗ್ಯವಾಗಿದ್ದಾಗ ಒಳಪೊರೆ ತಿಳಿ ಗುಲಾಬಿ ಬಣ್ಣದ್ದು, ಮಖಮಲ್ಲಿನಂಥದ್ದು ಎಂದು ಬರೆದಿಟ್ಟ.

ರೂಗಾಗಳು ಆಹಾರ ಹೀರಿಕೊಳ್ಳಲು ಇರುವುದಲ್ಲವೇ? ಪರೀಕ್ಷೆಯಲ್ಲಿ ಹಾಗೆ ಬರೆಯುತ್ತಾರೆ.

ಬರೆಯುತ್ತಾರೆ, ತಪ್ಪು. ಜಠರ ಹೀರಿಕೊಳ್ಳುವುದು ಅತಿ ಕಡಿಮೆ. ಸ್ವಲ್ಪ ಮದ್ಯಸಾರ, ಆಸ್ಪಿರಿನ್‌ನಂಥ ಕೆಲವು ಔಷಧಗಳು, ಅಷ್ಟೇ. ಹೀರುವ ಕೆಲಸ ಸಣ್ಣ ಕರುಳಿನದು. ಅಲ್ಲಿಯೂ ಮಡಿಕೆಗಳಿವೆ. ಆದರೆ ಅವು ಉಂಗುರದಂತೆ ಅಡ್ಡಲಾಗಿ ನಿಂತ ಖಾಯಂ ಮಡಿಕೆಗಳು, ಕರುಳು ಎಷ್ಟೇ ತುಂಬಿದರೂ ಬಿಚ್ಚಿಕೊಳ್ಳುವುದಿಲ್ಲ. ಅವುಗಳಿಗೆ ‘ಪ್ಲೈಕಾ ಸರ್ಕ್ಯುಲಾರಿಸ್’ ಎಂದು ಹೆಸರು. 17ನೆಯ ಶತಮಾನದ ಅಂಗರಚನಾಕಾರ ಕರ್ಕ್‌ರಿಂಗ್‌ನ ಹೆಸರಿನಲ್ಲೂ ಅವನ್ನು ಕರೆಯುವುದುಂಟು. ಮೇಲ್ಮೈ ಹೆಚ್ಚಿಸುವುದು ಅವುಗಳ ಕೆಲಸ. ತುಂಬಿದಾಗ ಮಾಯವಾಗುವುದು ರೂಗಾ, ತುಂಬಿದಾಗಲೂ ಉಳಿಯುವುದು ಪ್ಲೈಕಾ ಸರ್ಕ್ಯುಲಾರಿಸ್. ವಿದ್ಯಾರ್ಥಿಗಳು ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಜೀರ್ಣಾಂಗದ ಅರ್ಧ ಗೊಂದಲ ತೀರುತ್ತದೆ.

ಎಂಡೋಸ್ಕೊಪಿ ವರದಿಯಲ್ಲಿ ‘ರೂಗಲ್ ಫೋಲ್ಡ್ಸ್’ ಎಂದು ಬರೆದಿದ್ದಾರೆ. ಏನರ್ಥ?

ಜಠರದ ಮಡಿಕೆಗಳನ್ನು ನೋಡಿದ್ದೇವೆ ಎಂದಷ್ಟೇ. ಅದರ ಮುಂದೆ ‘ಸಾಮಾನ್ಯ’ ಎಂದಿದ್ದರೆ ಚಿಂತೆ ಇಲ್ಲ.

ಪರೀಕ್ಷೆಯ ವೇಳೆ ಪರದೆಯ ಮೇಲೆ ನಡೆಯುವುದು ಹೀಗೆ. ಕೊಳವೆ ಜಠರದೊಳಗೆ ಇಳಿದಾಗ ಮೊದಲು ಕಾಣುವುದು ಒಂದಕ್ಕೊಂದು ಅಂಟಿಕೊಂಡ, ಒದ್ದೆಯಾಗಿ ಹೊಳೆಯುವ ಗುಲಾಬಿ ಮಡಿಕೆಗಳು. ವೈದ್ಯರು ಗುಂಡಿ ಒತ್ತಿ ಗಾಳಿ ಬಿಡುತ್ತಾರೆ. ಮಡಿಕೆಗಳು ಮೆಲ್ಲಗೆ ದೂರ ಸರಿಯುತ್ತವೆ, ತಗ್ಗುತ್ತವೆ, ಗೋಡೆ ಬಯಲಾಗುತ್ತದೆ. ಗಾಳಿ ಬಿಡುವುದು ಮಡಿಕೆಗಳ ಸಂದಿಯಲ್ಲಿ ಹುಣ್ಣು ಅಡಗಿದೆಯೇ ಎಂದು ನೋಡಲು. ಜೊತೆಗೆ, ಮಡಿಕೆಗಳು ಸರಿಯಾಗಿ ಬಿಚ್ಚಿಕೊಳ್ಳುತ್ತವೆಯೇ ಎಂಬುದೂ ತಿಳಿಯುತ್ತದೆ.

ಗಾಳಿ ತುಂಬಿದರೂ ಮಡಿಕೆಗಳು ದಪ್ಪವಾಗಿ, ಬಿಗಿಯಾಗಿ ಉಳಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕಿನ ಉರಿಯೂತ, ಆಮ್ಲ ವಿಪರೀತ ಸುರಿಸುವಂತೆ ಮಾಡುವ ಜೋಲಿಂಜರ್–ಎಲಿಸನ್ ಸ್ಥಿತಿ, ದುಗ್ಧಗ್ರಂಥಿ ಸಂಬಂಧಿ ಕ್ಯಾನ್ಸರ್ ಇವೆಲ್ಲ ಮಡಿಕೆ ದಪ್ಪಗಾಗಲು ಕಾರಣವಾಗಬಹುದು. ಮಡಿಕೆಗಳು ಮೆದುಳಿನ ಸುರುಳಿಗಳಷ್ಟು ದೊಡ್ಡದಾಗಿ, ರಕ್ತದ ಪ್ರೋಟೀನು ಜಠರಕ್ಕೆ ಸೋರಿಹೋಗುವ ಅಪರೂಪದ ಕಾಯಿಲೆಯೊಂದನ್ನು ಫ್ರಾನ್ಸಿನ ಪಿಯೆರ್ ಮೆನೆತ್ರಿಯೆ 1888ರಲ್ಲಿ ವಿವರಿಸಿದ. ಅದು ಇಂದಿಗೂ ಅವನ ಹೆಸರಿನಲ್ಲಿದೆ. ಒಂದು ಬಗೆಯ ಕ್ಯಾನ್ಸರ್‌ನಲ್ಲಿ ಇಡೀ ಗೋಡೆ ಚರ್ಮದ ಚೀಲದಂತೆ ಗಟ್ಟಿಯಾಗಿ, ಗಾಳಿ ಬಿಟ್ಟರೂ ಹಿಗ್ಗುವುದಿಲ್ಲ. ತದ್ವಿರುದ್ಧವಾಗಿ, ಬಹುಕಾಲದ ಉರಿಯೂತದಿಂದ ಒಳಪೊರೆ ಸವೆದರೆ ಮಡಿಕೆಗಳೇ ಕಾಣೆಯಾಗಿ ಗೋಡೆ ನುಣುಪಾಗುತ್ತದೆ. ವರದಿಯ ಒಂದು ಸಾಲನ್ನು ನೋಡಿ ನೀವೇ ತೀರ್ಮಾನಕ್ಕೆ ಬರಬೇಡಿ. ಅಲ್ಲಿಂದ ತೆಗೆದ ಚೂರಿನ ಪರೀಕ್ಷೆಯ ಫಲಿತಾಂಶದೊಂದಿಗೆ ಅದನ್ನು ಓದಬೇಕು.

ಅಂಗುಳಿನ ರೂಗಾ ಎಲ್ಲಿದೆ? ನನಗೂ ಇದೆಯೇ?

ಇದೆ. ಈಗಲೇ ನೋಡಬಹುದು. ನಾಲಿಗೆಯ ತುದಿಯನ್ನು ಮೇಲಿನ ಬಾಚಿಹಲ್ಲುಗಳ ಹಿಂಬದಿಗೆ ತಾಗಿಸಿ. ನಟ್ಟನಡುವೆ ಒಂದು ಪುಟ್ಟ ಮೆತ್ತನೆಯ ಉಬ್ಬು ಸಿಗುತ್ತದೆ. ಅಲ್ಲಿಂದ ನಾಲಿಗೆಯನ್ನು ಮೆಲ್ಲಗೆ ಹಿಂದಕ್ಕೆ ಜಾರಿಸಿ, ತುಸು ಎಡಕ್ಕೋ ಬಲಕ್ಕೋ ಸರಿಸಿ. ಒಂದರ ಹಿಂದೆ ಒಂದು ಅಡ್ಡ ದಿಣ್ಣೆಗಳು ತಾಗುತ್ತವೆ. ಇನ್ನೂ ಹಿಂದಕ್ಕೆ ಹೋದರೆ ಅವು ಥಟ್ಟನೆ ನಿಂತು, ನುಣುಪಾದ ಬಯಲು ಶುರುವಾಗುತ್ತದೆ. ಆ ದಿಣ್ಣೆಗಳೇ ಅಂಗುಳಿನ ರೂಗಾಗಳು. ನಡುಗೆರೆಯ ಎರಡೂ ಬದಿಗೆ ಸಾಮಾನ್ಯವಾಗಿ ಮೂರರಿಂದ ಏಳರವರೆಗೆ ಇರುತ್ತವೆ. ಎಡ ಬಲಗಳು ಒಂದಕ್ಕೊಂದು ಕನ್ನಡಿಬಿಂಬದಂತಿರುವುದಿಲ್ಲ. ಒಂದು ನೇರ, ಒಂದು ಬಾಗಿದ್ದು, ಒಂದು ಕವಲೊಡೆದದ್ದು.

ಇವು ಜಠರದ ಮಡಿಕೆಗಳಂತಲ್ಲ. ಬಾಯಿ ಎಷ್ಟೇ ಅಗಲಿಸಿದರೂ ಬಿಚ್ಚಿಕೊಳ್ಳುವುದಿಲ್ಲ. ಒಳಗೆ ದಟ್ಟವಾದ ನಾರಿನ ತಿರುಳಿರುವ ಗಟ್ಟಿ ಏಣುಗಳು ಇವು. ತುತ್ತನ್ನು ನಾಲಿಗೆ ಮೇಲಕ್ಕೆ ಒತ್ತಿದಾಗ ಜಾರದಂತೆ ಹಿಡಿಯುತ್ತವೆ. ಹಸು, ಕುದುರೆ, ನಾಯಿಗಳ ಅಂಗುಳಿನಲ್ಲಿ ಈ ಏಣುಗಳು ನಮಗಿಂತ ಹೆಚ್ಚು, ಇನ್ನಷ್ಟು ಹಿಂದಕ್ಕೂ ಸಾಲುಗಟ್ಟಿರುತ್ತವೆ.

ಅಂಗುಳಿನಲ್ಲಿ ಏಣು ತಾಗುತ್ತಿದೆ. ಕಾಯಿಲೆಯೇ?

ಇದುವರೆಗೆ ಗಮನಿಸದೇ ಇದ್ದದ್ದು ಇದ್ದಕ್ಕಿದ್ದಂತೆ ತಾಗಿದಾಗ ಭಯವಾಗುವುದು ಸಹಜ. ಸಾಮಾನ್ಯವಾಗಿ ಬಿಸಿ ತಿಂದು ಬಾಯಿ ಸುಟ್ಟುಕೊಂಡಾಗ ಈ ಏಣುಗಳೇ ಮೊದಲು ಊದುತ್ತವೆ, ಏಕೆಂದರೆ ಅವು ಮುಂದೆ ಚಾಚಿಕೊಂಡಿವೆ. ಕೆಲವು ದಿನಗಳಲ್ಲಿ ಇಳಿಯುತ್ತದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಒಂದೇ ಕಡೆ ಬೆಳೆಯುತ್ತಿರುವ ಗಂಟು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ದಂತವೈದ್ಯರಿಗೆ ತೋರಿಸಿ.

ಇವುಗಳಿಂದ ವ್ಯಕ್ತಿಯನ್ನು ಗುರುತಿಸಬಹುದು ಎನ್ನುವುದು ನಿಜವೇ?

ನಿಜ. ಏಣುಗಳ ವಿನ್ಯಾಸ ಒಬ್ಬರದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಅವಳಿಗಳಲ್ಲೂ ಹೋಲಿಕೆ ಇರುತ್ತದೆಯೇ ಹೊರತು ನಕಲು ಇರುವುದಿಲ್ಲ. ಈ ಅಧ್ಯಯನಕ್ಕೆ ‘ರೂಗೋಸ್ಕೊಪಿ’ ಎಂಬ ಹೆಸರಿದ್ದು, ಸ್ಪೇನಿನ ಟ್ರೊಬೊ ಎರ್ಮೋಸಾ 1932ರಲ್ಲಿ ಇದನ್ನು ಮುಂದಿಟ್ಟ ಎಂದು ದಂತವಿಜ್ಞಾನದ ಬರಹಗಳು ದಾಖಲಿಸುತ್ತವೆ. ಬೆಂಕಿ ಅವಘಡದಲ್ಲಿ ಬೆರಳಚ್ಚು ಸುಟ್ಟುಹೋದರೂ ಅಂಗುಳು ಉಳಿಯುವುದುಂಟು. ತುಟಿ, ಕೆನ್ನೆ, ನಾಲಿಗೆ, ಹಲ್ಲುಗಳು ಅದನ್ನು ಸುತ್ತುವರಿದು ಕಾಯುತ್ತವೆ.

ಇದಕ್ಕೆ ಒಂದು ದೊಡ್ಡ ಮಿತಿ ಇದೆ. ಹೋಲಿಸಲು ವ್ಯಕ್ತಿ ಬದುಕಿದ್ದಾಗಿನ ಅಚ್ಚು ಬೇಕು. ದಂತಪಂಕ್ತಿ ಮಾಡಿಸಿಕೊಂಡವರ, ಹಲ್ಲಿಗೆ ತಂತಿ ಹಾಕಿಸಿಕೊಂಡವರ ಬಾಯಿಯ ಪ್ಲಾಸ್ಟರ್ ಅಚ್ಚನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಏಣುಗಳ ನೆರಳು ಗೆರೆ ಗೆರೆಯಾಗಿ ಬೀಳುತ್ತದೆ, ಅಷ್ಟು ಸ್ಪಷ್ಟ. ಅಂಥ ಅಚ್ಚು ಇಲ್ಲದವರ ವಿಷಯದಲ್ಲಿ ಈ ವಿದ್ಯೆ ಕೈಕಟ್ಟಿ ಕೂರುತ್ತದೆ. ಹಲ್ಲು ಕೀಳಿಸಿದರೆ, ಅಂಗುಳನ್ನು ಅಗಲಿಸುವ ಚಿಕಿತ್ಸೆ ಪಡೆದರೆ ಹತ್ತಿರದ ಏಣುಗಳು ಸ್ವಲ್ಪ ಕದಲುವುದೂ ಉಂಟು.

ಇಷ್ಟು ಕ್ರಮಬದ್ಧವಾದ ಏಣುಗಳು ಹೇಗೆ ಮೂಡುತ್ತವೆ?

ತಾಯಿಯ ಗರ್ಭದಲ್ಲಿ, ಸುಮಾರು ಮೂರನೆಯ ತಿಂಗಳ ಹೊತ್ತಿಗೆ. ಹೇಗೆ ಎಂಬುದಕ್ಕೆ ಉತ್ತರ ಬಂದದ್ದು ಗಣಿತದಿಂದ. ಒಂದು ರಾಸಾಯನಿಕ ಬೆಳವಣಿಗೆಯನ್ನು ಪ್ರಚೋದಿಸುತ್ತದೆ, ಅದರ ಜೊತೆಗೇ ಹುಟ್ಟಿದ ಇನ್ನೊಂದು ಅದನ್ನು ದೂರದವರೆಗೆ ತಡೆಯುತ್ತದೆ, ಇವೆರಡರ ಹಗ್ಗಜಗ್ಗಾಟದಿಂದಲೇ ಪಟ್ಟೆಗಳು ತಾವಾಗಿ ಮೂಡಬಲ್ಲವು ಎಂದು 1952ರಲ್ಲಿ ಅಲನ್ ಟ್ಯೂರಿಂಗ್ ಲೆಕ್ಕ ಹಾಕಿ ತೋರಿಸಿದ್ದ. 2012ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ ಇಲಿಮರಿಯ ಅಂಗುಳಿನ ಏಣುಗಳಲ್ಲಿ ಇದನ್ನೇ ಕಂಡಿತು. ಅಲ್ಲಿ ಪ್ರಚೋದಕ ಎಫ್‌ಜಿಎಫ್ ಎಂಬ ಪ್ರೋಟೀನು, ತಡೆಯುವುದು ಸಾನಿಕ್ ಹೆಜ್‌ಹಾಗ್ ಎಂಬ ಪ್ರೋಟೀನು. ಬೆಳೆಯುತ್ತಿದ್ದ ಒಂದು ಏಣನ್ನು ಕತ್ತರಿಸಿ ತೆಗೆದಾಗ ಹೊಸ ಪಟ್ಟೆ ಅದೇ ಜಾಗದಲ್ಲಿ ಅಚ್ಚೊತ್ತಿದಂತೆ ಬರಲಿಲ್ಲ, ಕವಲೊಡೆದು ಬಂತು. ಟ್ಯೂರಿಂಗ್ ಹೇಳಿದ ಬಗೆಯ ಪಟ್ಟೆಗಳ ಲಕ್ಷಣವೇ ಅದು.

ಜಠರದ ಮಡಿಕೆ ಜಾಗ ಸಾಲದೆ ಮುದುರಿದ್ದು. ಅಂಗುಳಿನ ಏಣು ರಾಸಾಯನಿಕಗಳ ಹಗ್ಗಜಗ್ಗಾಟದಿಂದ ಪಟ್ಟೆಯಾಗಿ ಮೂಡಿ ಬೆಳೆದದ್ದು. ಹೆಸರು ಮಾತ್ರ ಒಂದೇ.

ದೇಹದ ಬೇರೆಲ್ಲಿ ರೂಗಾಗಳಿವೆ?

ಮೂತ್ರಕೋಶ ಬರಿದಾದಾಗ ಅದರ ಒಳಮೈ ಸುಕ್ಕಾಗುತ್ತದೆ, ತುಂಬಿದಾಗ ಸಪಾಟಾಗುತ್ತದೆ. ಅದರ ತಳದಲ್ಲಿರುವ ತ್ರಿಕೋನದ ಭಾಗ ಮಾತ್ರ ಯಾವಾಗಲೂ ನುಣುಪು, ಏಕೆಂದರೆ ಅಲ್ಲಿ ಒಳಪೊರೆ ಕೆಳಗಿನ ಸ್ನಾಯುವಿಗೆ ಬಿಗಿಯಾಗಿ ಅಂಟಿದೆ. ಪಿತ್ತಕೋಶದಲ್ಲೂ ಸಣ್ಣ ಮಡಿಕೆಗಳಿವೆ.

ಯೋನಿಯ ಗೋಡೆಯಲ್ಲಿ ಅಡ್ಡ ರೂಗಾಗಳಿದ್ದು, ಹೆರಿಗೆಯಲ್ಲಿ ಅಷ್ಟೊಂದು ಹಿಗ್ಗಲು ಅವೂ ನೆರವಾಗುತ್ತವೆ. ಈಸ್ಟ್ರೋಜೆನ್ ಇರುವವರೆಗೆ ಅವು ತುಂಬಿಕೊಂಡಿರುತ್ತವೆ, ಮುಟ್ಟು ನಿಂತ ಮೇಲೆ ಕ್ರಮೇಣ ತೆಳುವಾಗಿ ಅಳಿಸುತ್ತವೆ. ಮುಖದಲ್ಲಿ ವಯಸ್ಸು ಸುಕ್ಕು ತರುತ್ತದೆ, ಇಲ್ಲಿ ವಯಸ್ಸು ಸುಕ್ಕನ್ನು ಕಳೆಯುತ್ತದೆ.

ವೃಷಣಚೀಲದ ಹೊರಚರ್ಮದ ಸುಕ್ಕಿಗೂ ಇದೇ ಹೆಸರು. ಚರ್ಮದಡಿಯ ತೆಳು ಸ್ನಾಯು ಚಳಿಗೆ ಕುಗ್ಗಿ ಚರ್ಮವನ್ನು ಮುದುರಿಸುತ್ತದೆ. ಗಂಡು ಶಿಶು ಅವಧಿ ತುಂಬಿ ಹುಟ್ಟಿತೋ ಮುಂಚೆ ಹುಟ್ಟಿತೋ ಎಂದು ಅಳೆಯಲು ಮಕ್ಕಳ ವೈದ್ಯರು ಈ ಸುಕ್ಕುಗಳನ್ನೂ ನೋಡುತ್ತಾರೆ. ಬ್ಯಾಲಾರ್ಡ್ ಅಂಕಪದ್ಧತಿಯಲ್ಲಿ ಇದಕ್ಕೇ ಅಂಕಗಳಿವೆ. ಬಹಳ ಮುಂಚೆ ಹುಟ್ಟಿದ ಮಗುವಿನಲ್ಲಿ ಚರ್ಮ ನುಣುಪು, ಅವಧಿ ತುಂಬಿದಂತೆ ಸುಕ್ಕು ಆಳ.

ಬೆರಳಚ್ಚಿನ ಗೆರೆಗಳೂ ರೂಗಾಗಳೇ?

ಅಲ್ಲ. ಅವು ಚರ್ಮದ ಘರ್ಷಣೆಯ ಏಣುಗಳು. ಹೆಸರು ಕ್ರಿಸ್ಟಾ ಗುಂಪಿಗೆ ಸೇರಿದ್ದು. ಬಹಳ ಹೊತ್ತು ನೀರಿನಲ್ಲಿದ್ದಾಗ ಬೆರಳ ತುದಿ ಸುಕ್ಕಾಗುವುದೂ ಬೇರೆ ಸಂಗತಿ. ಅದನ್ನು ನರಗಳು ರಕ್ತನಾಳಗಳನ್ನು ಕಿರಿದಾಗಿಸಿ ಮಾಡಿಸುತ್ತವೆ. ನರ ತುಂಡಾದ ಬೆರಳು ನೀರಿನಲ್ಲಿ ಹಾಗೆ ಸುಕ್ಕಾಗುವುದಿಲ್ಲ.

ಅಂಗರಚನೆಯ ಅಧಿಕೃತ ಪಟ್ಟಿಯಲ್ಲಿ ಈ ಪದ ಇದೆಯೇ?

ಇದೆ, ಆದರೆ ನಾವು ನಿರೀಕ್ಷಿಸುವ ಕಡೆ ಇಲ್ಲ. ಒಂದೇ ಭಾಗಕ್ಕೆ ಹತ್ತು ಹೆಸರುಗಳಿದ್ದ ಗೊಂದಲ ಕಳೆಯಲು 1895ರಲ್ಲಿ ಬಾಸೆಲ್ ನಗರದಲ್ಲಿ ಮೊದಲ ಬಾರಿಗೆ ಲ್ಯಾಟಿನ್ ಪಟ್ಟಿಯೊಂದನ್ನು ಒಪ್ಪಿಕೊಂಡರು. ಅದರ ವಂಶದ ಪಟ್ಟಿ 1998ರಲ್ಲಿ ‘ಟರ್ಮಿನೊಲೊಜಿಯಾ ಅನಟೋಮಿಕಾ’ ಎಂದು ಬಂತು. ಅದರಲ್ಲಿ ಯೋನಿಯ ನೆರಿಗೆಗಳಿಗೆ ರೂಗಾ ಎಂದೇ ಇದೆ. ಜಠರದ ಮಡಿಕೆಗಳು ಮಾತ್ರ ‘ಪ್ಲೈಕೇ ಗ್ಯಾಸ್ಟ್ರಿಕೇ’, ಅಂದರೆ ಜಠರದ ಮಡಿಕೆಗಳು. ಹಾಗಿದ್ದರೂ ಜಠರ ನೋಡುವ ವೈದ್ಯರೆಲ್ಲ ಇಂದಿಗೂ ರೂಗಾ ಎಂದೇ ಹೇಳುತ್ತಾರೆ. ಪಟ್ಟಿ ಒಂದು ಹೇಳುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ. ಬಾಯಿಯದೇ ಗೆದ್ದಿದೆ.

ಕನ್ನಡದಲ್ಲಿ ಏನೆಂದು ಬರೆಯಬೇಕು?

ಒಂದೇ ಲ್ಯಾಟಿನ್ ಪದಕ್ಕೆ ಒಂದೇ ಕನ್ನಡ ಪದ ಎಂಬ ಹಟ ಇಲ್ಲಿ ಬೇಡ ಎನ್ನುತ್ತೇನೆ. ಜಠರ, ಮೂತ್ರಕೋಶ, ಯೋನಿ ಇವುಗಳಲ್ಲಿ ‘ನೆರಿಗೆ’ ಸರಿಯಾಗಿ ಕೂರುತ್ತದೆ. ನೆರಿಗೆ ಎಂದರೆ ಬಟ್ಟೆಯನ್ನು ಮಡಿಸಿ ಹಿಡಿದದ್ದು, ಬೇಕೆಂದಾಗ ಬಿಚ್ಚಿಕೊಳ್ಳುವಂಥದ್ದು ಎಂದು ಕೇಳಿದವರಿಗೆ ತಕ್ಷಣ ತಿಳಿಯುತ್ತದೆ. ‘ಜಠರದ ಏಣುಗಳು’ ಎಂದು ಅನುವಾದಿಸಿದ ಪಠ್ಯ ಓದಿದ ವಿದ್ಯಾರ್ಥಿ ಅವು ಕಲ್ಲಿನಂತೆ ಸದಾ ನಿಂತಿರುತ್ತವೆ ಎಂದುಕೊಳ್ಳುತ್ತಾನೆ. ಹೀರಿಕೊಳ್ಳಲು ಇವೆ ಎಂಬ ತಪ್ಪು ಉತ್ತರಕ್ಕೂ ಅದೇ ದಾರಿ ಮಾಡುತ್ತದೆ.

ಅಂಗುಳಿಗೆ ಮಾತ್ರ ‘ಏಣು’ ಎಂದೇ ಬರೆಯಿರಿ. ಅದು ಬಿಚ್ಚಿಕೊಳ್ಳುವುದಿಲ್ಲ, ನಾಲಿಗೆಗೆ ಗಟ್ಟಿಯಾಗಿ ತಾಗುತ್ತದೆ. ಚರ್ಮದಲ್ಲಾದರೆ ‘ಸುಕ್ಕು’ ಸಾಕು. ‘ತೆರೆ’ ನನಗೆ ಬಲು ಇಷ್ಟದ ಪದ. ಆದರೆ ಇಂದಿನ ಓದುಗರಿಗೆ ಅದು ಪರದೆಯನ್ನೋ ಸಮುದ್ರವನ್ನೋ ನೆನಪಿಸುತ್ತದೆಯಾದ್ದರಿಂದ ವೈದ್ಯಕೀಯ ಬರಹಕ್ಕೆ ತರಲಾರೆ. ಮೊದಲ ಸಲ ಬಳಸುವಾಗ ‘ಜಠರದ ನೆರಿಗೆಗಳು ಅಥವಾ ರೂಗಾಗಳು’ ಎಂದು ಜೊತೆಯಾಗಿ ಬರೆದು, ಆಮೇಲೆ ನೆರಿಗೆ ಎಂದೇ ಮುಂದುವರಿಸಿದರೆ ಓದುಗರು ವರದಿಯ ಪದವನ್ನೂ ಗುರುತಿಸುತ್ತಾರೆ, ಅದರ ಚಿತ್ರವನ್ನೂ ಕಾಣುತ್ತಾರೆ.